ಪಾಲಿಶ್ ಬೇಡದ ಹಾಗೆ ಕಾರನ್ನು ನೋಡಿಕೊಳ್ಳುವುದು

ನನ್ನ ಕೆಲಸ ಕಾರು ಡೀಟೇಲಿಂಗ್, ಅಂದರೆ ಗಾಡಿಯನ್ನು ಒಳಗೂ ಹೊರಗೂ ಸೂಕ್ಷ್ಮವಾಗಿ ಶುಚಿ ಮಾಡಿ ಕಾಪಾಡುವುದು. ಗಾಡಿ ತಂದು ನಿಲ್ಲಿಸಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಪಾಲಿಶ್ ಹೊಡೆದು ಹೊಸದರ ಹಾಗೆ ಮಾಡಿಕೊಡ್ತೀರಾ?" ಆಗ ನಾನು ಮೊದಲು ಕೈಗೆ ತೆಗೆದುಕೊಳ್ಳುವುದು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು. ಬಾನೆಟ್ ಮೇಲೆ ಒತ್ತಿ ಹಿಡಿದರೆ ಒಂದು ಅಂಕಿ ತೋರಿಸುತ್ತದೆ. ಕಾರ್ಖಾನೆಯಿಂದ ಬಂದ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್, ಎಲ್ಲವೂ ಅಷ್ಟರಲ್ಲೇ ಸೇರಿವೆ. ಕ್ಲಿಯರ್ ಕೋಟ್ ಒಂದೇ ಆದರೆ ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬಿಸಿಲು, ಮಳೆ, ಧೂಳು, ಹಕ್ಕಿಯ ಹಿಕ್ಕೆ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವ ಪದರ ಒಂದು ಕೂದಲಿಗಿಂತ ತೆಳು.

ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಗೀರು ತುಂಬುವುದಿಲ್ಲ. ಗೀರಿನ ತಳ ಸಿಗುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುತ್ತಾ ಹೋಗುತ್ತೇವೆ, ಅಷ್ಟೇ. ಎಲ್ಲ ಒಂದೇ ಮಟ್ಟಕ್ಕೆ ಬಂದಾಗ ಬೆಳಕು ಚದುರುವುದು ನಿಂತು ಹೊಳಪು ಕಾಣುತ್ತದೆ. ಹಗುರ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಕಾಂಪೌಂಡ್ ಅನ್ನುವ ಒರಟು ಉಜ್ಜುವ ಪೇಸ್ಟ್ ಹಾಕಿದರೆ ಇನ್ನೂ ಜಾಸ್ತಿ. ಹೋದದ್ದು ವಾಪಸ್ ಬರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕ ಇರುವುದೂ ಇದೇ ಪದರದಲ್ಲಿ. ಅದು ತೀರಾ ತೆಳುವಾದ ಮೇಲೆ ಬಿಸಿಲಿಗೆ ಮಂಕಾಗಿ, ಸಿಪ್ಪೆ ಏಳಲು ಶುರುವಾಗುತ್ತದೆ. ಆಮೇಲೆ ಮತ್ತೆ ಪೇಂಟ್ ಮಾಡಿಸದೆ ಬೇರೆ ದಾರಿಯಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಆಗಾಗ ಸರಿಯಾಗಿ ನೋಡಿಕೊಂಡ ಗಾಡಿಗೆ ಪಾಲಿಶ್ ಬೇಕಾಗುವುದೇ ಅಪರೂಪ. ಡೀಟೇಲಿಂಗ್‌ಗೆ ಹಾಕುವ ಶ್ರಮಕ್ಕೆ ಸಿಗುವ ದೊಡ್ಡ ಲಾಭ ಇದೇ. ಕೊಳೆ ಹಸಿ ಇದ್ದಾಗ ನೀರಿಗೇ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅದೇ ಕೊಳೆ ತೆಗೆಯಲು ಕ್ಲಿಯರ್ ಕೋಟನ್ನೇ ಕೊಡಬೇಕಾಗುತ್ತದೆ.

ಗೀರು ಬೀಳುವುದು ತೊಳೆಯುವಾಗಲೇ

ಗಾಡಿ ಮೇಲಿನ ಸಣ್ಣ ಗೀರುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ. ಒರೆಸುವಾಗ, ತೊಳೆಯುವಾಗ ಆದವು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಒಣ ಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸವಿದ್ದರೆ ದಯವಿಟ್ಟು ಇವತ್ತೇ ಬಿಡಿ. ಧೂಳಿನಲ್ಲಿ ನುಣ್ಣನೆಯ ಮರಳು ಇರುತ್ತದೆ. ಅದು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆ ಅದನ್ನು ಎಳೆದುಕೊಂಡು ಹೋದ ದಾರಿಯೆಲ್ಲ ಗೆರೆ ಮೂಡುತ್ತದೆ. ಕಪ್ಪು ಅಥವಾ ಕಡು ನೀಲಿ ಗಾಡಿಯನ್ನು ರಾತ್ರಿ ಒಂದು ದೀಪದ ಕೆಳಗೆ ನಿಲ್ಲಿಸಿ ನೋಡಿ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ವೃತ್ತವೃತ್ತವಾಗಿ ಗೆರೆ ಕಾಣಿಸುತ್ತದಲ್ವಾ? ಆ ಗೀರುಗಳು ನಿಜಕ್ಕೂ ಗುಂಡಗೆ ಇರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವುದು ಅದಕ್ಕೆ ಅಡ್ಡಲಾಗಿರುವ ಗೀರುಗಳು ಮಾತ್ರ. ಅದರಿಂದ ವೃತ್ತದ ಹಾಗೆ ಕಾಣುತ್ತದೆ. ಬಿಳಿ, ಬೆಳ್ಳಿ ಬಣ್ಣದ ಗಾಡಿಯಲ್ಲೂ ಅಷ್ಟೇ ಗೀರು ಇರಬಹುದು. ಕಣ್ಣಿಗೆ ಬೀಳುವುದು ಕಡಿಮೆ.

ತೊಳೆಯಲು ನೆರಳು ಬೇಕು, ಗಾಡಿಯ ಮೈ ತಣ್ಣಗಿರಬೇಕು. ಬಾನೆಟ್ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿ. ಬಿಸಿ ಅನ್ನಿಸಿದರೆ ಕಾಯಿರಿ. ಬಿಸಿ ಮೈಮೇಲೆ ಶಾಂಪೂ ಕ್ಷಣದಲ್ಲಿ ಒಣಗಿ ಕಲೆ ಕೂರುತ್ತದೆ.

ಮೊದಲು ಚಕ್ರಗಳು. ಅಲ್ಲೇ ಅತಿ ಹೆಚ್ಚು ಕೊಳೆ ಇರುವುದು. ಅದನ್ನು ಕೊನೆಗೆ ಇಟ್ಟುಕೊಂಡರೆ ತೊಳೆದ ಬಾಗಿಲಿಗೆಲ್ಲ ಕೆಸರು ಹಾರುತ್ತದೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬ್ರಶ್, ಬೇರೆ ಬಟ್ಟೆ. ಇದರಲ್ಲಿ ರಾಜಿ ಬೇಡ. ಚಕ್ರದ ಮೇಲಿನ ಕಂದು ಪುಡಿ ಬ್ರೇಕ್ ಪ್ಯಾಡ್, ಡಿಸ್ಕ್ ಎರಡೂ ಸವೆದು ಬಂದದ್ದು. ಅದರಲ್ಲಿ ಕಬ್ಬಿಣದ ಕಣಗಳಿರುತ್ತವೆ. ಅವು ಬಿಸಿಯಾಗೇ ಬಂದು ಕೂತು, ನೀರು ತಾಗಿದಾಗ ತುಕ್ಕು ಹಿಡಿದು, ಚಕ್ರದ ಪದರದೊಳಗೆ ಇಳಿಯುತ್ತವೆ. ಆ ಬಟ್ಟೆಯನ್ನೇ ಬಾಗಿಲಿಗೆ ತಂದರೆ ಉಪ್ಪುಕಾಗದ ತಂದಂತೆಯೇ ಲೆಕ್ಕ.

ಆಮೇಲೆ ಇಡೀ ಗಾಡಿಗೆ ಮೇಲಿಂದ ಕೆಳಕ್ಕೆ ಧಾರಾಳವಾಗಿ ನೀರು ಬಿಡಿ. ಈ ಹಂತದಲ್ಲಿ ಕೈ ತಾಗಿಸುವ ಹಾಗಿಲ್ಲ. ನೀರಿಗೇ ಎಷ್ಟು ಹೋಗುತ್ತೋ ಅಷ್ಟು ಹೋಗಲಿ. ಪ್ರೆಶರ್ ವಾಷರ್ ಇದ್ದರೆ ಒಂದೆರಡು ಅಡಿ ದೂರದಿಂದ ಹಿಡಿಯಿರಿ. ಕಲ್ಲು ಸಿಡಿದು ಬಣ್ಣ ಹೋದ ಜಾಗಕ್ಕೆ, ರಬ್ಬರ್ ಪಟ್ಟಿಯ ಅಂಚಿಗೆ ನೇರವಾಗಿ ಹಿಡಿಯಬೇಡಿ. ನೊರೆ ಹೊಡೆಯುವ ಗನ್ ಇದ್ದರೆ ನೊರೆ ಹಾಕಿ ಮೂರ್ನಾಲ್ಕು ನಿಮಿಷ ಬಿಟ್ಟು ತೊಳೆಯಿರಿ. ಒಣಗಲು ಮಾತ್ರ ಬಿಡಬಾರದು.

ಈಗ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಮೈಕ್ರೋಫೈಬರ್ ಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ. ಮತ್ತೆ ಶಾಂಪೂವಿಗೆ ಹಾಕುವ ಮುಂಚೆ ಬರಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ ಹಿಂಡಿ. ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ. ಗವಸಿನ ಭಾರವೇ ಸಾಕು, ಒತ್ತಬೇಡಿ. ಗುಂಡಗೆ ತಿಕ್ಕದೆ ನೇರ ಗೆರೆಯಲ್ಲಿ ಎಳೆಯಿರಿ. ಗವಸು ನೆಲಕ್ಕೆ ಬಿದ್ದರೆ ಅದನ್ನು ಪಕ್ಕಕ್ಕಿಟ್ಟು ಬೇರೆಯದು ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಬರಿ ನೀರಿನ ಬಕೆಟ್ ತಳ ನೋಡಿ. ಸಣ್ಣ ಮರಳು ತೆಳ್ಳಗೆ ಕೂತಿರುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅಷ್ಟೂ ಮರಳು ಗವಸಿನ ಜೊತೆ ಮತ್ತೆ ಬಾನೆಟ್‌ಗೇ ಹೋಗುತ್ತಿತ್ತು.

ಪಾತ್ರೆ ತೊಳೆಯುವ ಸೋಪು ಬೇಡ. ಅದನ್ನು ಮಾಡಿರುವುದೇ ಜಿಡ್ಡು ಕೀಳಲು. ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಕಾರಿಗೆಂದೇ ಇರುವ, ಆಮ್ಲವೂ ಕ್ಷಾರವೂ ಅಲ್ಲದ ಶಾಂಪೂ ತೆಗೆದುಕೊಳ್ಳಿ. ಡಬ್ಬಿ ಮೇಲೆ ಪಿಎಚ್ ನ್ಯೂಟ್ರಲ್ ಅಂತ ಇರುತ್ತದೆ.

ತೊಳೆದು ಹಾಗೇ ಒಣಗಲು ಬಿಡುವವರು ತುಂಬಾ ಜನ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅವು ಬಿಳಿ ಉಂಗುರವಾಗಿ ಉಳಿಯುತ್ತವೆ. ಮೇಲೆ ಬಿಸಿಲು ಬಿದ್ದರೆ ಗಟ್ಟಿಯಾಗಿ ಕೂರುತ್ತವೆ. ದಪ್ಪ ಮೈಕ್ರೋಫೈಬರ್ ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ನಿಮ್ಮ ಕಡೆಗೆ ಎಳೆದುಕೊಳ್ಳಿ. ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಕನ್ನಡಿಯ ಸಂದು, ಬಾಗಿಲ ಹಿಡಿಕೆ, ಪೆಟ್ರೋಲ್ ಮುಚ್ಚಳದ ಒಳಗೆ ನಿಂತ ನೀರು ಆಮೇಲೆ ನಿಧಾನಕ್ಕೆ ಇಳಿದು ಬರುತ್ತದೆ, ಅಲ್ಲೂ ಒರೆಸಿ. ಈ ಬಟ್ಟೆಗಳನ್ನು ಬೇರೆ ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ನಾರು ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಫ್ಯಾಬ್ರಿಕ್ ಸಾಫ್ಟ್‌ನರ್ ಕೂಡ ಬೇಡ. ಮೈಕ್ರೋಫೈಬರ್ ಎಳೆಗಳ ಮೇಲೆ ಅದು ಪದರ ಕಟ್ಟಿ, ನೀರು ಹೀರುವ ಗುಣ ಹೋಗುತ್ತದೆ.

ಹಿಕ್ಕೆ ಬಿದ್ದರೆ ವಾರದ ತೊಳೆತಕ್ಕೆ ಕಾಯಬೇಡಿ

ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಜೊತೆಗೆ ಮರಳು, ಬೀಜದ ಚೂರು. ಬಿಸಿಲಲ್ಲಿ ನಿಂತ ಗಾಡಿಯ ಕ್ಲಿಯರ್ ಕೋಟ್ ತುಸು ಮೆತ್ತಗಾಗುತ್ತದೆ. ಹಿಕ್ಕೆ ಅದರ ಮೇಲೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಕ್ಲಿಯರ್ ಕೋಟ್ ಆ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಆಮೇಲೆ ಒರೆಸಿದರೂ ಒಂದು ಮಂಕು ಗುರುತು ಉಳಿದುಬಿಡುತ್ತದೆ. ಸುಡುವ ಬಿಸಿಲಿದ್ದರೆ ಇದಕ್ಕೆ ಒಂದು ದಿನ ಕೂಡ ಬೇಡ.

ಗಾಡಿಯಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ, ಎರಡು ಮೈಕ್ರೋಫೈಬರ್ ತುಂಡು ಇಟ್ಟುಕೊಳ್ಳಿ. ಹಿಕ್ಕೆ ಕಂಡರೆ ಬಟ್ಟೆಯನ್ನು ತೊಟ್ಟಿಕ್ಕುವಷ್ಟು ನೆನೆಸಿ ಅದರ ಮೇಲೆ ಹಾಸಿ. ಐದು ನಿಮಿಷ ಬಿಡಿ. ಪೂರ್ತಿ ಒಣಗಿದ್ದರೆ ಹತ್ತು ನಿಮಿಷ, ನಡುವೆ ಒಮ್ಮೆ ನೀರು ಹನಿಸಿ. ಆಮೇಲೆ ಒರೆಸಬೇಡಿ, ಬಟ್ಟೆಯನ್ನು ಒಂದು ಕಡೆಯಿಂದ ಮಡಿಸಿಕೊಳ್ಳುತ್ತಾ ಎತ್ತಿ. ಮೆತ್ತಗಾದ ಹಿಕ್ಕೆ ಬಟ್ಟೆಯ ಮಡಿಕೆಯೊಳಗೇ ಬರುತ್ತದೆ. ಉಳಿದದ್ದಕ್ಕೆ ಎರಡನೇ ಬಟ್ಟೆ ನೆನೆಸಿ ಮತ್ತೆ ಅದೇ ರೀತಿ. ಮುಗಿದ ಮೇಲೆ ತಲೆ ಬಗ್ಗಿಸಿ ಓರೆಯಿಂದ ನೋಡಿ. ಪ್ರತಿಬಿಂಬ ಆ ಜಾಗದಲ್ಲಿ ಕದಡದೆ ನೇರವಾಗಿ ಹಾದು ಹೋದರೆ ಗಾಡಿ ಉಳಿಯಿತು ಅಂತ ಅರ್ಥ. ಸತ್ತ ಹುಳುಗಳಿಗೂ ಇದೇ ಉಪಾಯ. ಮರದ ಅಂಟಿಗೆ ಮಾತ್ರ ನೀರು ಸಾಲದು, ಅದಕ್ಕೆ ಟಾರ್ ರಿಮೂವರ್ ಬೇಕು.

ನುಣುಪು, ವ್ಯಾಕ್ಸ್, ಕೋಟಿಂಗ್

ತೊಳೆದು ಒಣಗಿಸಿದ ಬಾನೆಟ್ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ತರಿತರಿ ಆಗ ಬೆರಳಿಗೆ ಸಿಗುತ್ತದೆ. ಅದು ಒಳಗೆ ನಾಟಿಕೊಂಡ ಕಬ್ಬಿಣದ ಕಣ, ಟಾರ್, ಹೊಗೆಯ ಮಸಿ. ಶಾಂಪೂವಿಗೆ ಇದು ಬಗ್ಗುವುದಿಲ್ಲ. ಕಬ್ಬಿಣಕ್ಕೆ ಐರನ್ ರಿಮೂವರ್ ಸಿಂಪಡಿಸಿ. ಕಣ ಇರುವಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ವಾಸನೆ ಕಟು, ಕೈಗವಸು ಹಾಕಿಕೊಳ್ಳಿ. ಮಿಕ್ಕದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎತ್ತುವ ಮೆತ್ತನೆ ಜೇಡಿಯಂಥ ಉಂಡೆ. ಅದನ್ನು ಲೂಬ್ರಿಕಂಟ್ (ಜಾರಿಕೆಯ ದ್ರವ) ಧಾರಾಳವಾಗಿ ಹಾಕಿ ಜಾರಿಸಬೇಕು. ಒಣಗಿದ ಮೈಮೇಲೆ ಎಳೆದರೆ ಗೀರು ಖಚಿತ. ಕೆಳಗೆ ಬಿದ್ದ ಕ್ಲೇ ಕಸದ ಬುಟ್ಟಿಗೆ. ವರ್ಷಕ್ಕೆ ಒಂದೆರಡು ಸಲ ಸಾಕು. ಪದೇಪದೇ ಕ್ಲೇ ಹಾಕುವುದೂ ಒಳ್ಳೆಯದಲ್ಲ.

ಆಮೇಲೆ ರಕ್ಷಣೆಯ ಪದರ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಅದರ ಹೊಳಪಿಗೆ ಒಂದು ಬೆಚ್ಚನೆಯ ಆಳ ಇದೆ, ನನಗೆ ಇವತ್ತಿಗೂ ತುಂಬಾ ಇಷ್ಟ. ಆದರೆ ಬಾಳುವುದು ಹೆಚ್ಚೆಂದರೆ ಒಂದೆರಡು ತಿಂಗಳು. ರಾಸಾಯನಿಕದಿಂದ ತಯಾರಿಸಿದ ಸಿಂಥೆಟಿಕ್ ಸೀಲಂಟ್ ಅದಕ್ಕಿಂತ ಜಾಸ್ತಿ ನಿಲ್ಲುತ್ತದೆ. ಯಾವುದೇ ಇರಲಿ, ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಒರೆಸಿ ತೆಗೆಯುವ ಕೆಲಸ ಹೆಚ್ಚುತ್ತದೆಯೇ ಹೊರತು ರಕ್ಷಣೆ ಹೆಚ್ಚುವುದಿಲ್ಲ. ಬಿದ್ದ ನೀರು ಗುಂಡು ಹನಿಯಾಗಿ ನಿಲ್ಲದೆ ಚಪ್ಪಟೆಯಾಗಿ ಹರಡತೊಡಗಿದರೆ ಮತ್ತೆ ಹಚ್ಚುವ ಹೊತ್ತಾಯಿತು.

ಬಣ್ಣದ ಮೇಲೆ ಹಚ್ಚಿದಾಗ ಗಟ್ಟಿ ಪದರವಾಗುವ ಸೆರಾಮಿಕ್ ಕೋಟಿಂಗ್ ಬಗ್ಗೆ ದಿನಾ ಕೇಳುತ್ತಾರೆ. ಒಳ್ಳೆಯ ವಸ್ತುವೇ, ಒಂದೆರಡು ವರ್ಷವೋ ಅದಕ್ಕಿಂತ ಹೆಚ್ಚೋ ಬಾಳುತ್ತದೆ. ಕೊಳೆ ಸುಲಭವಾಗಿ ಬಿಡುತ್ತದೆ. ಆದರೆ ಕೋಟಿಂಗ್ ಮಾಡಿಸಿದ ಮೇಲೆ ತೊಳೆಯುವುದೇ ಬೇಡ ಅಂತ ಹೇಳಿ ಮಾರುವವರಿದ್ದಾರೆ. ಆ ಮಾತು ನಂಬಿ ಗಾಡಿ ಹಾಳು ಮಾಡಿಕೊಂಡವರನ್ನು ಕಂಡಾಗ ನನಗೆ ಬೇಜಾರಾಗುತ್ತದೆ. ಕೋಟಿಂಗ್ ಮೇಲೂ ಗಡಸು ನೀರಿನ ಕಲೆ ಕೂರುತ್ತದೆ, ಹಿಕ್ಕೆ ಗುರುತು ಬಿಡುತ್ತದೆ. ಕಲ್ಲು ಸಿಡಿದರೆ ಅದು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅನ್ನುವ, ಬಣ್ಣದ ಮೇಲೆ ಅಂಟಿಸುವ ದಪ್ಪ ಪಾರದರ್ಶಕ ಫಿಲ್ಮ್. ಅದೂ ಬಾನೆಟ್‌ನ ಮುಂಭಾಗಕ್ಕೆ, ಬಂಪರ್‌ಗೆ ಹಾಕಿಸಿದರೆ ಹೆಚ್ಚಿನವರಿಗೆ ಸಾಕು.

ಒಳಗಿನ ಕೆಲಸ

ಒಳಗೆ ಶುರು ಮಾಡುವ ಮುಂಚೆ ಸೀಟ್ ಬೆಲ್ಟ್ ಒಂದನ್ನು ಪೂರ್ತಿ ಎಳೆದು ಬಿಟ್ಟು ನೋಡಿ. ಸರ್ರನೆ ಒಳಗೆ ಹೋಗದೆ ಅರ್ಧಕ್ಕೆ ನಿಂತು ಜೋತು ಬೀಳುತ್ತದಾ? ಸ್ಪ್ರಿಂಗ್ ಹೋಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಬರಿ ಕೊಳೆ. ಬೆವರು, ಮೈಯ ಎಣ್ಣೆ, ಧೂಳು ಸೇರಿ ಬೆಲ್ಟ್ ದಪ್ಪಗಾಗಿರುತ್ತದೆ. ಭುಜದ ಹತ್ತಿರ ಬೆಲ್ಟ್ ಹಾದು ಬರುವ ಆ ಕೊಂಡಿಯಲ್ಲೂ ಕಪ್ಪು ಜಿಡ್ಡು ಕಟ್ಟಿರುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಅದು ವಾಪಸ್ ಒಳಗೆ ಹೋಗದ ಹಾಗೆ ಕ್ಲಿಪ್ ಹಾಕಿ ನಿಲ್ಲಿಸಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಮೃದು ಸೋಪು ಹಾಕಿ, ಮೆತ್ತನೆ ಬ್ರಶ್‌ನಿಂದ ಎಳೆಯ ಉದ್ದಕ್ಕೆ ತಿಕ್ಕಿ. ಕೊಂಡಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆ ಮಾತ್ರ ಒಳಗೆ ಬಿಡಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಬ್ಲೀಚ್, ಬಣ್ಣ, ತೀಕ್ಷ್ಣವಾದ ಕ್ಲೀನರ್ ಯಾವುದೂ ಬೆಲ್ಟ್‌ಗೆ ಬೇಡ, ಅದರ ನಾರಿನ ಬಲ ಕುಗ್ಗುತ್ತದೆ. ನಿಮ್ಮ ಜೀವ ಹಿಡಿಯುವ ಪಟ್ಟಿ ಅದು. ತೊಳೆದ ಮೇಲೂ ಸರಿಯಾಗಿ ಒಳಗೆ ಹೋಗದಿದ್ದರೆ ಸರ್ವಿಸ್‌ನವರಿಗೆ ತೋರಿಸಿ.

ಮುಂದಿನ ಗಾಜಿನ ಒಳಬದಿ ಇನ್ನೊಂದು ಮರೆತ ಜಾಗ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಆವಿ ಎದ್ದು ಗಾಜಿನ ಮೇಲೆ ತೆಳುವಾಗಿ ಕೂರುತ್ತದೆ. ಹಗಲು ತಿಳಿಯುವುದಿಲ್ಲ. ರಾತ್ರಿ ಎದುರಿನ ಗಾಡಿಯ ಲೈಟ್ ಬಿದ್ದಾಗ ಇಡೀ ಗಾಜು ಮಸುಕಾಗಿ ಕಣ್ಣು ಕುಕ್ಕುತ್ತದೆ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ, ತಕ್ಷಣ ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಒಳಗೆ ಮೇಲಿಂದ ಕೆಳಕ್ಕೆ, ಹೊರಗೆ ಎಡದಿಂದ ಬಲಕ್ಕೆ ಒರೆಸಿದರೆ ಉಳಿದ ಗೆರೆ ಯಾವ ಕಡೆಯದು ಅಂತ ಕೂಡಲೇ ಗೊತ್ತಾಗುತ್ತದೆ. ಟಿಂಟ್ ಫಿಲ್ಮ್ ಇದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ. ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆಗಳಿಗೆ ಅಡ್ಡಲಾಗಿ ತಿಕ್ಕಬೇಡಿ, ಅದರ ಉದ್ದಕ್ಕೇ ಕೈ ಆಡಿಸಿ.

ಸೀಟು, ನೆಲಕ್ಕೆ ವ್ಯಾಕ್ಯೂಮ್. ಅದಕ್ಕೆ ಮುಂಚೆ ಎಸಿ ಜಾಲರಿ, ಸ್ವಿಚ್ ಸಂದುಗಳ ಧೂಳನ್ನು ಮೆತ್ತನೆ ಬ್ರಶ್‌ನಿಂದ ಕೆಳಗೆ ಬೀಳಿಸಿಕೊಳ್ಳಿ. ಬಟ್ಟೆ ಸೀಟನ್ನು ನೀರು ಸುರಿದು ತೊಳೆಯಬೇಡಿ. ಒಳಗಿನ ಫೋಮ್ ದಿನಗಟ್ಟಲೆ ಒಣಗುವುದಿಲ್ಲ. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ಗೆ ಸೇರಿದ್ದು. ಅದನ್ನು ಒದ್ದೆ ಮಾಡಬೇಡಿ, ಬಿಚ್ಚಲೂ ಬೇಡಿ. ಡ್ಯಾಶ್‌ಬೋರ್ಡ್‌ಗೆ ಪಳಪಳ ಹೊಳೆಯುವ ಪಾಲಿಶ್ ನನಗೆ ಒಪ್ಪಿಗೆಯಿಲ್ಲ. ಅದರ ಬಿಂಬ ಗಾಜಿನಲ್ಲಿ ಬಿದ್ದು ರಸ್ತೆ ಕಾಣುವುದಿಲ್ಲ. ಸ್ಟೀರಿಂಗ್, ಪೆಡಲ್‌ಗಂತೂ ಜಾರುವ ಯಾವ ವಸ್ತುವನ್ನೂ ತಾಗಿಸಲೇಬೇಡಿ.

ನೀರು ಹೋಗುವ ದಾರಿ

ಒಬ್ಬರು ಗಾಡಿಯಲ್ಲಿ ಮುಗ್ಗಲು ವಾಸನೆ ಅಂತ ತಂದರು. ಎಷ್ಟೋ ತರದ ಪರ್ಫ್ಯೂಮ್ ತೂಗುಹಾಕಿ ನೋಡಿದ್ದರು. ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ, ಬೆರಳ ಸುತ್ತ ನೀರು ಬಂತು. ಬಾನೆಟ್ ತೆರೆದು ವೈಪರ್ ಕೆಳಗಿನ ಜಾಲರಿ ನೋಡಿದರೆ, ಕೊಳೆತ ಎಲೆ ಮಣ್ಣಾಗಿ ಹೋಗಿ ನೀರು ಇಳಿಯುವ ರಂಧ್ರ ಮುಚ್ಚಿತ್ತು. ಮಳೆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಎಸಿ ಗಾಳಿ ಊದುವ ಬ್ಲೋವರ್ ಕಡೆಯಿಂದ ಒಳಗೆ ಇಳಿದಿತ್ತು. ಎರಡು ಹಿಡಿ ಎಲೆ ತೆಗೆಯುವ ಕೆಲಸ ಆಗಾಗ ಆಗಿದ್ದರೆ ಇಡೀ ಕಾರ್ಪೆಟ್ ಬಿಚ್ಚಬೇಕಾಗುತ್ತಿರಲಿಲ್ಲ.

ಅದಕ್ಕೇ ತೊಳೆದಾಗಲೆಲ್ಲ ಈ ಜಾಲರಿಯ ಎಲೆ ತೆಗೆಯಿರಿ. ಬಾಗಿಲಿನ ಕೆಳಅಂಚಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗುವುದು ಅಲ್ಲಿಂದ. ಅವು ಕೆಸರಿನಿಂದ ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಲೋಹದ್ದು ಬೇಡ. ಸನ್‌ರೂಫ್ ಇದ್ದರೆ ಅದರ ಮೂಲೆಯ ರಂಧ್ರಕ್ಕೆ ಸ್ವಲ್ಪ ನೀರು ಹನಿಸಿ, ಕೆಳಗೆ ಇಳಿಯುತ್ತಾ ನೋಡಿ.

ಗಾಡಿಯ ಪ್ರತಿ ಇಂಚಿಗೂ ಕೈ ತಾಗಿದಾಗ ಇಂಥವು ತಾನಾಗಿ ಕಾಣುತ್ತವೆ. ಟೈರ್ ಉಜ್ಜುವಾಗ ಅದರ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿಗೆ ಹೊಕ್ಕ ಮೊಳೆ, ಬದಿಯಲ್ಲಿ ಎದ್ದ ಉಬ್ಬು, ಹೆಡ್‌ಲೈಟ್‌ನ ಒಳಗೆ ಕಟ್ಟಿದ ಹಬೆ, ಇವೆಲ್ಲ ನನಗೆ ಸಿಗುವುದು ಬಟ್ಟೆ ಹಿಡಿದು ಬಗ್ಗಿದಾಗಲೇ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು? ದಿನಾ ಓಡುವ ಗಾಡಿಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಎರಡು ಬಕೆಟ್ ತೊಳೆತ. ಒಳಗೆ ತಿಂಗಳಿಗೊಮ್ಮೆ ಚೆನ್ನಾಗಿ. ವ್ಯಾಕ್ಸ್ ನೀರಿನ ಹನಿ ನೋಡಿಕೊಂಡು. ಸಮುದ್ರದ ಹತ್ತಿರವೋ, ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಕಡೆಯೋ ಇರುವವರು ಗಾಡಿಯ ಅಡಿಭಾಗಕ್ಕೂ ಆಗಾಗ ನೀರು ಹೊಡೆಯಿರಿ, ಉಪ್ಪು ಲೋಹವನ್ನು ಬೇಗ ತಿನ್ನುತ್ತದೆ. ಸಮಯ ಇಲ್ಲದ ವಾರ ಬರಿ ನೀರು ಹಾಕಿ ಟವೆಲ್ ಎಳೆದರೂ ಸಾಕು, ಒಣ ಬಟ್ಟೆ ಮಾತ್ರ ಬೇಡ.

ತೊಳೆದ ಕೂಡಲೇ ಗಾಡಿ ನಿಲ್ಲಿಸಿ ಒಳಗೆ ಹೋಗಬೇಡಿ. ಬ್ರೇಕ್ ಡಿಸ್ಕ್ ಒದ್ದೆ ಇರುತ್ತದೆ, ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತೆಳು ತುಕ್ಕು ಹಿಡಿಯುತ್ತದೆ. ಹಿಂದೆ ಯಾರೂ ಇಲ್ಲದ ಕಡೆ ನಿಧಾನಕ್ಕೆ ಒಂದು ಸುತ್ತು ಓಡಿಸಿ, ಐದಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ. ಡಿಸ್ಕ್ ಒಣಗುತ್ತದೆ, ಕನ್ನಡಿ ಸಂದಿನಲ್ಲಿ ಉಳಿದ ನೀರೂ ಗಾಳಿಗೆ ಹೊರಗೆ ಬರುತ್ತದೆ. ವಾಪಸ್ ಬಂದು ಅದನ್ನೊಂದು ಒರೆಸಿಬಿಡಿ.